ಬಾಟಲಿಯ ತೂಕ

ಒಂದು ಶನಿವಾರ ಸಂಜೆ ಮಾರ್ಕೆಟ್ಟಿನಿಂದ ಬಂದು ನೋಡುತ್ತೇನೆ, ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಹಳೇ ಟವೆಲು ಸುತ್ತಿಕೊಂಡು ಏನೋ ಒಂದು ಮಗುವಿನ ಹಾಗೆ ಮಲಗಿದೆ. ಟವೆಲು ಸರಿಸಿದರೆ ಬೆಳ್ಳಗೆ ಹೊಳೆಯುವ ಸಿಲಿಂಡರು. ಒಂದು ಮೊಳಕ್ಕಿಂತ ತುಸು ಕಡಿಮೆ ಉದ್ದ. ತಲೆಯ ಮೇಲೊಂದು ವಾಲ್ವು, ಪಕ್ಕದಲ್ಲಿ ಹಳೇ ಎಂಟಾಣೆಯಷ್ಟಗಲದ ಒತ್ತಡದ ಮೀಟರು, ಹೊಟ್ಟೆಯ ಮೇಲೆ ಕೆಂಪು ಅಕ್ಷರದ ಚೀಟಿ. ನಮ್ಮವರು ಕನ್ನಡಕ ಏರಿಸಿಕೊಂಡು ಬಂದು, "ಇದೇನೇ, ಸೋಡಾ ಮಾಡೋ ಮೆಷಿನ್ ತಂದ್ಯಾ?" ಎಂದರು.

ಸೋಡಾ ಮೆಷಿನ್ ಅಲ್ಲ, ಮಗನ ರ್‍ಯಾಲಿ ಕಾರಿನ ಬೆಂಕಿ ಆರಿಸುವ ಬಾಟಲಿ.

ಮಗನ ವಿಷಯ ಸ್ವಲ್ಪ ಹೇಳಬೇಕು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾನೆ. ಸೋಮವಾರದಿಂದ ಶುಕ್ರವಾರದವರೆಗೆ ಒಳ್ಳೆಯ ಹುಡುಗ. ಶನಿವಾರ ಭಾನುವಾರ ಅವನೂ ಅವನ ಕಾಲೇಜಿನ ಗೆಳೆಯನೂ ಸೇರಿ ಒಂದು ಹಳೇ ಎಸ್ಟೀಮ್ ಕಾರಿನ ಕೆಳಗೆ ಮಲಗಿರುತ್ತಾರೆ. ಇಬ್ಬರೂ ದುಡ್ಡು ಹಾಕಿ, ಮೂರು ಕೈ ದಾಟಿ ಬಂದ ಆ ರ್‍ಯಾಲಿ ಕಾರನ್ನು ಕೊಂಡು ಎಂಟು ತಿಂಗಳಾಗಿತ್ತು. ಗೆಳೆಯ ಓಡಿಸುವವನು. ನನ್ನ ಮಗ ಪಕ್ಕದ ಸೀಟಿನಲ್ಲಿ ಕೂತು, ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು ಎಂದು ಪುಸ್ತಕ ನೋಡಿ ಕೂಗಿ ಹೇಳುವವನು. ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಅಂತ ಕೇಳಿದರೆ ತಿಳಿಯದವನು ಕಾಫಿ ತೋಟದ ಮಣ್ಣು ರಸ್ತೆಯ ಒಂದೊಂದು ತಿರುವನ್ನೂ ಹೇಳಬಲ್ಲ ಎಂದರೆ ತಾಯಿಯಾದವಳಿಗೆ ಹೆಮ್ಮೆಯೂ ಹೌದು, ಸಿಟ್ಟೂ ಹೌದು.

ರ್‍ಯಾಲಿ ಎಂದಾಗಲೆಲ್ಲ ನಾನು ತಕರಾರು ಎತ್ತುತ್ತಿದ್ದೆ. ಆಗ ಅವನು ಕೊಡುತ್ತಿದ್ದ ಸಮಾಧಾನಗಳಲ್ಲಿ ಈ ಬಾಟಲಿಯೂ ಒಂದು. ಡ್ರೈವರು ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕೂತಿರುವಾಗಲೇ ಕೈಗೆ ಸಿಗುವ ಹಾಗೆ ಒಂದು ಹಿಡಿ ಇರುತ್ತದೆ, ಎಳೆದರೆ ಬಾಟಲಿಯೊಳಗಿನದು ಕೊಳವೆಗಳಲ್ಲಿ ಹರಿದು ಒಳಗಡೆಗೂ ಎಂಜಿನ್ ಕಡೆಗೂ ಚಿಮ್ಮುತ್ತದೆ. ಒಳಗಿದ್ದವರಿಗೆ ಪ್ರಜ್ಞೆ ತಪ್ಪಿದ್ದರೆ ಹೊರಗಿನವರು ಎಳೆಯಲು ಇನ್ನೊಂದು ಹಿಡಿ. ಅದು ಎಲ್ಲಿದೆ ಅಂತ ತಿಳಿಯಲು ಕಾರಿನ ಮೈಮೇಲೆ ಗುರುತು: ಕೆಂಪು ಅಂಚಿನ ಬಿಳಿ ವೃತ್ತ, ಕನಿಷ್ಠ 10 ಸೆಂಟಿಮೀಟರ್ ಅಗಲ, ಮಧ್ಯೆ ಇಂಗ್ಲಿಷಿನ 'ಇ' ಅಕ್ಷರ. ಕಾರು ತಲೆಕೆಳಗಾಗಿ ಬಿದ್ದಿದ್ದರೂ ಅದು ಕೆಲಸ ಮಾಡಬೇಕು. ಇವೆಲ್ಲ ಎಫ್‌ಐಎ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮಗಳು. ನಳಿಕೆಗಳು ಒಳಗೆ ಕೂತವರ ತಲೆಗೆ ನೇರವಾಗಿ ಗುರಿ ಇಟ್ಟಿರಬಾರದು ಎಂದೂ ಬರೆದಿದ್ದಾರೆ. ಅದನ್ನು ಬರೆದವರು ಯಾರದೋ ತಾಯಿಯೋ ತಂದೆಯೋ ಇರಬೇಕು ಎಂದು ನಾನು ಅಂದುಕೊಂಡಿದ್ದೆ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತೂ ಇದೆ. ಬಾಟಲಿಯನ್ನು ತುಂಬಿದ ದಿನದಿಂದ, ಇಲ್ಲವೇ ಹಿಂದಿನ ತಪಾಸಣೆಯಿಂದ, ಎರಡು ವರ್ಷದೊಳಗೆ ಮತ್ತೆ ತಪಾಸಣೆ ಆಗಬೇಕು. ಮುಂದಿನ ತಪಾಸಣೆಯ ದಿನಾಂಕ ಬಾಟಲಿಯ ಮೇಲೆ ಕಾಣುವಂತಿರಬೇಕು. ನಮ್ಮ ಅಕ್ಕಿ ಡಬ್ಬದ ಪಕ್ಕ ಮಲಗಿದ್ದ ಬಾಟಲಿಯ ದಿನಾಂಕ, ಚಿಕ್ಕಮಗಳೂರಿನ ಕಡೆ ಇವರು ಓಡಿಸಬೇಕಿದ್ದ ರ್‍ಯಾಲಿಗೆ ಸರಿಯಾಗಿ ಒಂದು ವಾರ ಮುಂಚೆ ಮುಗಿಯುತ್ತಿತ್ತು.

"ಸೋಮವಾರ ನಂಗೆ ರಜ ಇಲ್ಲ. ನೀನೇ ತುಂಬಿಸಿಕೊಂಡು ಬರ್ತೀಯಾ ಅಮ್ಮ?" ಎಂದ. ಗ್ಯಾಸ್ ಬುಕ್ ಮಾಡುವುದು, ಫ್ಯಾನ್ ರಿಪೇರಿ, ಮಿಕ್ಸಿಯ ಬ್ಲೇಡು ಸಾಣೆ ಹಿಡಿಸುವುದು ಎಲ್ಲ ನನ್ನ ಇಲಾಖೆ ತಾನೇ. ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳಿಗೆ ಈ ಕೆಲಸ ಏನು ಮಹಾ ಎಂದು ಒಪ್ಪಿಕೊಂಡೆ.

ಸೋಮವಾರ ಬಟ್ಟೆ ಚೀಲದಲ್ಲಿ ಬಾಟಲಿ ಇಟ್ಟುಕೊಂಡು ಆಟೋ ಹತ್ತಿದೆ. ಚೀಲದಿಂದ ಇಣುಕುತ್ತಿದ್ದ ವಾಲ್ವನ್ನು ಕನ್ನಡಿಯಲ್ಲಿ ನೋಡಿದ ಆಟೋದವನು, "ಮೇಡಂ, ಅದು ಸಿಡಿಯಲ್ಲ ತಾನೇ?" ಎಂದು ಕೇಳಿದ. "ಸಿಡಿಯೋದನ್ನ ಆರಿಸೋದಪ್ಪ ಇದು" ಎಂದೆ. ಅವನಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ, ಹಳ್ಳಗಳಲ್ಲಿ ಬಹಳ ನಿಧಾನ ಇಳಿಸಿದ.

ಮೊದಲ ಅಂಗಡಿ ಕಲಾಸಿಪಾಳ್ಯದ ಹತ್ತಿರದ್ದು. ಕೆಂಪು ಸಿಲಿಂಡರುಗಳನ್ನು ಗಣಪತಿ ವಿಗ್ರಹಗಳ ಹಾಗೆ ಸಾಲಾಗಿ ಜೋಡಿಸಿದ್ದರು. ಮೇಜಿನ ಹಿಂದಿದ್ದ ಹುಡುಗ ಬಾಟಲಿಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ಮೀಟರಿನ ಕಡೆ ಬಗ್ಗಿ ನೋಡಿ, "ಮುಳ್ಳು ಹಸಿರಲ್ಲಿದೆ ಮೇಡಂ. ತುಂಬಿಸೋದೇನೂ ಬೇಡ. ಹೊಸ ಸ್ಟಿಕ್ಕರ್ ಹಾಕ್ಕೊಡ್ತೀನಿ, ಎರಡು ವರ್ಷ ತೊಂದ್ರೆ ಇಲ್ಲ. ನಾನೂರು ರೂಪಾಯಿ" ಎಂದ. ಹೇಳುತ್ತಲೇ ಡ್ರಾಯರ್ ಎಳೆದು ಚೀಟಿಯ ಸುರುಳಿ, ಪೆನ್ನು ಎರಡನ್ನೂ ತೆಗೆದಿದ್ದ. ಅಷ್ಟು ಚುರುಕಾಗಿ ಸರಕಾರಿ ಕಚೇರಿಯಲ್ಲಿ ಒಂದು ದಾಖಲೆ ಸಿಕ್ಕಿದ್ದರೆ ನಾನು ಕೈ ಮುಗಿಯುತ್ತಿದ್ದೆ.

"ಒಳಗೆ ಏನಿದೆ ಅಂತ ನೋಡೋದಿಲ್ವೇನಪ್ಪ?"

"ಎಲ್ಲರೂ ಹಿಂಗೇ ಮಾಡಿಸೋದು ಮೇಡಂ. ಚೆಕ್ ಮಾಡೋರಿಗೆ ಡೇಟ್ ಬೇಕಷ್ಟೆ."

ಎರಡನೆಯ ಅಂಗಡಿಯವರು ಪ್ರಾಮಾಣಿಕರು. ಆಫೀಸು, ಶಾಲೆ, ಬಸ್ಸುಗಳ ಪುಡಿಯ ಸಿಲಿಂಡರು ಮಾತ್ರ ತಮಗೆ ಗೊತ್ತು, ಇದರಲ್ಲಿರುವುದು ನೊರೆ, ಇದನ್ನು ಮುಟ್ಟುವುದಿಲ್ಲ ಎಂದು ಹೇಳಿ ಕಳಿಸಿದರು. ಪೀಣ್ಯದಲ್ಲಿ ಒಬ್ಬರು ಹಳಬರಿದ್ದಾರೆ, ಕೇಳಿ ನೋಡಿ ಎಂದು ಗುರುತು ಬರೆದುಕೊಟ್ಟರು.

ಅಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು, ಬರಿಗೈಲಿ ಮನೆಗೆ ಬಂದೆ. ರಾತ್ರಿ ಮಗನಿಗೆ ಮೊದಲ ಅಂಗಡಿಯ ಕಥೆ ಹೇಳಿದರೆ ಅವನು ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. ಅನ್ನ ಕಲಸುತ್ತ ಕಲಸುತ್ತ, "ಹಾಕಿಸ್ಕೊಂಡು ಬರಬಹುದಿತ್ತಲ್ಲಮ್ಮ" ಎಂದ. ರ್‍ಯಾಲಿಗೆ ಮುಂಚೆ ಕಾರು ಪರೀಕ್ಷೆ ಮಾಡುವವರು ದಿನಾಂಕ ನೋಡುತ್ತಾರೆ, ಮುಳ್ಳು ನೋಡುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಪ್ರವೇಶ ಶುಲ್ಕ ಕಟ್ಟಿಯಾಗಿದೆ. ಗೆಳೆಯ ಸಾಲ ಮಾಡಿ ಟೈರು ತಂದಿದ್ದಾನೆ. ಎಂಟು ತಿಂಗಳ ಕೆಲಸ. ಒಂದು ಚೀಟಿಗಾಗಿ ನಿಲ್ಲಿಸುವುದೇ?

ನನಗೆ ಉರಿದುಹೋಯಿತು. ನಿಮ್ಮಪ್ಪ ನಾನು ಸೇರಿ ಇದನ್ನೇನಾ ನಿನಗೆ ಕಲಿಸಿದ್ದು ಎಂದು ಶುರುಮಾಡಿದವಳು ನಡುವೆ ನಿಂತುಬಿಟ್ಟೆ. ಯಾಕೆಂದರೆ ಬಾಯಲ್ಲಿ ಆ ಮಾತು ಇರುವಾಗಲೇ ಕಣ್ಣಮುಂದೆ ಬಂದದ್ದು ಒಂದು ರಿಜಿಸ್ಟರು. ನೀಲಿ ರಟ್ಟಿನದು, ಬೆನ್ನಿಗೆ ಕೆಂಪು ಬಟ್ಟೆ. ನಮ್ಮ ಕಾಲೇಜಿನ ಪ್ರಯೋಗಾಲಯದ ಅಗ್ನಿ ಸುರಕ್ಷತೆಯ ದಾಖಲೆ ಪುಸ್ತಕ. ಪ್ರಯೋಗಾಲಯದ ಹೊಣೆ ಹೊತ್ತ ಹತ್ತೊಂಬತ್ತು ವರ್ಷ, ಪ್ರತಿ ಜೂನ್ ತಿಂಗಳಲ್ಲಿ ಅಟೆಂಡರ್ ಅದನ್ನು ಬಿಡಿಸಿ ನನ್ನ ಮುಂದೆ ಇಡುತ್ತಿದ್ದ. 'ನಾಲ್ಕು ಸಿಲಿಂಡರುಗಳನ್ನು ಪರಿಶೀಲಿಸಲಾಗಿದೆ, ಸುಸ್ಥಿತಿಯಲ್ಲಿವೆ' ಎಂದು ಅವನೇ ಬರೆದಿರುತ್ತಿದ್ದ. ಕೆಳಗೆ ನನ್ನ ಸಹಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುತ್ತಾರಲ್ಲ, ಹಾಗೆ. ಆ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನಾನು ಒಂದು ಸಿಲಿಂಡರನ್ನೂ ಗೋಡೆಯಿಂದ ಇಳಿಸಿ ನೋಡಿದವಳಲ್ಲ. ಆ ಕೊಠಡಿಯಲ್ಲಿ ಒಂದೊಂದು ಬ್ಯಾಚಿಗೆ ನಲವತ್ತು ಮಕ್ಕಳು, ಎದುರಿಗೆ ಸ್ಪಿರಿಟ್ ದೀಪ, ಬರ್ನರು, ಈಥರು, ಅಸಿಟೋನು.

ಮಗನಿಗೆ ಅದನ್ನೇ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತಿ ನೋಡಿದ. ನಮ್ಮವರು ಮಜ್ಜಿಗೆ ಬಡಿಸಿಕೊಳ್ಳುವ ನೆಪದಲ್ಲಿ ಒಳಗೆ ಎದ್ದುಹೋದರು. "ಬುಧವಾರ ಅರ್ಧ ದಿನ ರಜ ಹಾಕ್ತೀನಿ. ಪೀಣ್ಯಕ್ಕೆ ಇಬ್ಬರೂ ಹೋಗೋಣ" ಎಂದ.

ಪೀಣ್ಯದ ಆ ಶೆಡ್ಡು ಒಂದು ಲೇತ್ ಅಂಗಡಿಯ ಹಿಂದೆ ಇತ್ತು. ಎಪ್ಪತ್ತು ದಾಟಿದ ಮನುಷ್ಯ, ಖಾಕಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲು. ಬಾಟಲಿಯನ್ನು ಕೊಟ್ಟ ಕೂಡಲೇ ಮೀಟರು ನೋಡಲಿಲ್ಲ, ಚೀಟಿ ಓದಲಿಲ್ಲ. ಎರಡು ಕೈಯಲ್ಲಿ ಎತ್ತಿ, ಹಲಸಿನ ಹಣ್ಣು ಕೊಳ್ಳುವವರು ಅಂದಾಜು ಮಾಡುವಂತೆ ಒಮ್ಮೆ ಮೇಲೆ ಕೆಳಗೆ ಆಡಿಸಿದರು. ಆಮೇಲೆ ತಕ್ಕಡಿಯ ಮೇಲೆ ಇಟ್ಟರು. "ಈಗ ಅದರ ಮೇಲೆ ಏನು ಬರ್ದಿದೆ ಓದು ಮರಿ" ಎಂದು ಮಗನಿಗೆ ಹೇಳಿದರು. ತಯಾರಕರು ಅಚ್ಚೊತ್ತಿದ್ದ ಪಟ್ಟಿಯಲ್ಲಿ ತುಂಬಿದ ಬಾಟಲಿಯ ಒಟ್ಟು ತೂಕ 6.4 ಕಿಲೋ ಎಂದಿತ್ತು. ತಕ್ಕಡಿ 5 ಕಿಲೋ 100 ಗ್ರಾಂ ತೋರಿಸುತ್ತಿತ್ತು.

"ಮುಳ್ಳು ಹಸಿರಲ್ಲಿದೆಯಲ್ಲ?" ಎಂದ ಮಗ.

"ಮುಳ್ಳು ಹೇಳೋದು ಒತ್ತಡ. ಖಾಲಿ ಬಾಟ್ಲಿಗೆ ಗಾಳಿ ತುಂಬಿದ್ರೂ ಮುಳ್ಳು ಅಲ್ಲಿಗೇ ಬರುತ್ತೆ" ಎಂದರು ಅಜ್ಜ. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ತೂಕ ಸರಿ ಇದ್ದಿದ್ರೂ ಒಳಗಿರೋದು ಏನು ಅಂತ ತಕ್ಕಡಿ ಹೇಳಲ್ಲ. ತಕ್ಕಡಿಗೆ ಹಾಲೂ ಒಂದೇ, ನೀರೂ ಒಂದೇ" ಎಂದು ಸೇರಿಸಿದರು.

ನೀವೇ ತುಂಬಿಕೊಡಿ ಎಂದು ಕೇಳಿಕೊಂಡೆವು. ಅವರಲ್ಲಿ ನೊರೆಯ ದ್ರಾವಣ ಇತ್ತು, ಸಾರಜನಕದ ಸಿಲಿಂಡರೂ ಇತ್ತು. ತುಂಬಲು ಬರುವುದೂ ಖಚಿತ. ಆದರೂ ಒಪ್ಪಲಿಲ್ಲ. ರೇಸಿನ ಬಾಟಲಿಗೆ ಅದರ ತಯಾರಕರದೇ ವಾಲ್ವು, ಅವರದೇ ಸೀಲು, ಅವರು ಹೇಳಿದ್ದೇ ದ್ರಾವಣ, ಅವರು ಹೇಳಿದಷ್ಟೇ ಒತ್ತಡ. ಅವರು ನೇಮಿಸಿದವರೇ ತುಂಬಬೇಕು. "ನಾನು ತುಂಬಿದ್ರೆ ಕೆಲಸ ಮಾಡಬಹುದು. ಮಾಡಬಹುದು ಅನ್ನೋದನ್ನ ನಿಮ್ಮ ಹುಡುಗನ ಸೀಟಿನ ಹಿಂದೆ ಕಟ್ಟಿ ಕಳಿಸೋಕೆ ನನಗೆ ಮನಸ್ಸಿಲ್ಲ" ಎಂದರು. ಟೀ ತರಿಸಿದರು. ಅವರ ಹರೆಯದಲ್ಲಿ ಹ್ಯಾಲಾನ್ ಎಂಬ ಅನಿಲ ಇತ್ತಂತೆ, ಬೆಂಕಿಯನ್ನು ಮಂತ್ರ ಹಾಕಿದ ಹಾಗೆ ಆರಿಸುತ್ತಿತ್ತು, ಒಂದು ತೊಟ್ಟು ಕಲೆ ಉಳಿಯುತ್ತಿರಲಿಲ್ಲ. ಆದರೆ ಓಝೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತಹಂತವಾಗಿ ಅದರ ತಯಾರಿಕೆ ನಿಂತಿತು. ಆ ಕಾಲದ ಒಂದು ಹಿತ್ತಾಳೆ ನಳಿಕೆಯನ್ನು ಅಜ್ಜ ಈಗಲೂ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ, ಕಾಗದ ಹಾರದ ಹಾಗೆ.

ಒತ್ತಡ ತುಂಬಿದ ಬಾಟಲಿಯನ್ನು ದೂರಕ್ಕೆ ಕಳಿಸಲಾಗದು, ಖಾಲಿ ಮಾಡಿಯೇ ಕಳಿಸಬೇಕು ಎಂದೂ ಅವರೇ ಹೇಳಿದರು. "ಹೇಗೂ ಖಾಲಿ ಮಾಡ್ತೀರಿ. ಇಲ್ಲಿ ಯಾಕೆ ಮಾಡಬೇಕು? ಕಾರಿಗೇ ಮತ್ತೆ ಕಟ್ಟಿ, ಒಳಗೆ ಕೂತು ಎಳೀರಿ. ಏನು ಬರುತ್ತೆ ನೋಡಿ."

ಕಾರು ನಿಲ್ಲಿಸುವುದು ಕನಕಪುರ ರಸ್ತೆಯ ಕಡೆ ಒಂದು ಗ್ಯಾರೇಜಿನಲ್ಲಿ. ಪಕ್ಕದಲ್ಲಿ ಖಾಲಿ ಸೈಟು. ಭಾನುವಾರ ಬೆಳಿಗ್ಗೆ ನಾನೂ ಹೋದೆ, ನಮ್ಮವರೂ ಬಂದರು. ಕಾರಿನ ಕೆಳಗೆ ಹಾಸಲು ದೊಡ್ಡ ಟಾರ್ಪಾಲಿನ್ ಒಯ್ದಿದ್ದೆ. ಅದಕ್ಕೆ ಕಾರಣ ಉಂಟು. ಈ ನೊರೆಯ ದ್ರಾವಣಕ್ಕೆ ಎಎಫ್‌ಎಫ್‌ಎಫ್ ಎಂದು ಹೆಸರು. ಬಹುಕಾಲದಿಂದ ಬಳಕೆಯಲ್ಲಿರುವ ಬಗೆಯಲ್ಲಿ ಫ್ಲೋರಿನ್ ಸೇರಿದ ಸಂಯುಕ್ತಗಳಿರುತ್ತವೆ. ಮಣ್ಣಿಗೆ ನೀರಿಗೆ ಸೇರಿದರೆ ಕೊಳೆಯುವುದೇ ಇಲ್ಲ, ಹಾಗಾಗಿ ಹಲವು ದೇಶಗಳು ಅವನ್ನು ಕೈಬಿಡುತ್ತಿವೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿದ್ದನ್ನು ಕಂಡ ಊರು ನಮ್ಮದು, ಇನ್ನಷ್ಟು ನೊರೆಯನ್ನು ಮೋರಿಗೆ ಬಿಡುವುದು ಬೇಡ ಎಂದು ನನ್ನ ಹಟ. ಹುಡುಗರು ಬೇಸರ ಮಾಡಿಕೊಳ್ಳುತ್ತಲೇ ಹಾಸಿದರು.

ಗೆಳೆಯ ಹೆಲ್ಮೆಟ್ಟು ಹಾಕಿ, ಬೆಲ್ಟು ಬಿಗಿದು ಕೂತ. ನನ್ನ ಮಗ ತನ್ನ ಸೀಟಿನಲ್ಲಿ. ಬಾನೆಟ್ಟು ತೆಗೆದಿತ್ತು. ನಮ್ಮವರು ಮೊಬೈಲಿನಲ್ಲಿ ಚಿತ್ರ ತೆಗೆಯಲು ದೂರ ನಿಂತರು, ನೊರೆ ಬಟ್ಟೆಗೆ ಹತ್ತೀತೆಂದು. ಮಗ ಒಂದು, ಎರಡು, ಮೂರು ಎಂದ. ಗೆಳೆಯ ಎಳೆದ.

ಏನೂ ಆಗಲಿಲ್ಲ. ಕೇಬಲ್ಲು ಎಲ್ಲೋ ಹಿಡಿದುಕೊಂಡಿತ್ತು. ಎರಡು ಕೈ ಹಾಕಿ ಇನ್ನೊಮ್ಮೆ ಜಗ್ಗಿದ. ಪುಸ್ ಎಂದು ಒಂದು ಉಸಿರು. ಒಳಗಿನ ಎರಡು ನಳಿಕೆಗಳಿಂದ ನೀರು ಸ್ವಲ್ಪ ಹೊತ್ತು ಸಿಂಪಡಿಸಿ, ಆಮೇಲೆ ಮಳೆ ನಿಂತ ಮೇಲಿನ ಸೂರಿನ ಹಾಗೆ ತೊಟ್ಟಿಕ್ಕಿತು. ಎಂಜಿನ್ ಕಡೆಯ ಎರಡರಲ್ಲಿ ಒಂದು ತುಕ್ಕಿನ ಬಣ್ಣದ ನೀರು ಉಗುಳಿತು. ಇನ್ನೊಂದು ಬಾಯಿ ಬಿಡಲೇ ಇಲ್ಲ. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಒಂಬತ್ತಕ್ಕೆ ಎಲ್ಲ ಮುಗಿದಿತ್ತು.

ನೊರೆ? ನೊರೆಯೇ ಇರಲಿಲ್ಲ. ಟಾರ್ಪಾಲಿನ್ ಮೇಲೆ ನಿಂತ ನೀರನ್ನು ಬೆರಳಲ್ಲಿ ಉಜ್ಜಿ ನೋಡಿದೆ, ಜಾರಲಿಲ್ಲ. ಕುಡಿಯುವ ನೀರಿನ ಖಾಲಿ ಬಾಟಲಿಗೆ ಅದನ್ನೇ ಒಂದಿಷ್ಟು ತುಂಬಿ, ಮುಚ್ಚಳ ಹಾಕಿ ಗಟ್ಟಿಯಾಗಿ ಕುಲುಕಿದೆ. ನಾಲ್ಕು ಗುಳ್ಳೆ ಎದ್ದು ಒಡೆದವು. ಯಾರೋ ಪುಣ್ಯಾತ್ಮರು ನಲ್ಲಿ ನೀರು ತುಂಬಿ, ಗ್ಯಾರೇಜಿನ ಗಾಳಿ ಹೊಡೆದು, ಮೇಲೆ ಒಂದು ಚೀಟಿ ಅಂಟಿಸಿದ್ದರು. ಅದೂ ಪೂರ್ತಿ ತುಂಬಿರಲಿಲ್ಲ, ನಲ್ಲಿ ನೀರಿನಲ್ಲೂ ಉಳಿತಾಯ!

ಪೆಟ್ರೋಲಿನ ಬೆಂಕಿಗೆ ನೀರು ಯಾಕೆ ಹಾಕಬಾರದು ಎಂಬುದು ನಾನು ಎಷ್ಟೋ ಸಲ ತರಗತಿಯಲ್ಲಿ ಕೇಳಿದ ಎರಡು ಅಂಕದ ಪ್ರಶ್ನೆ. ಪೆಟ್ರೋಲಿನ ಸಾಂದ್ರತೆ ನೀರಿನ ಮುಕ್ಕಾಲು ಪಾಲಿನಷ್ಟು. ನೀರಿನ ಮೇಲೆ ಅದು ತೇಲುತ್ತದೆ, ನೀರು ಹರಿದಲ್ಲೆಲ್ಲ ಉರಿಯುತ್ತಲೇ ಹರಿಯುತ್ತದೆ. ಹಾಗಾದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ ಇರುವ ಆ ನೊರೆಯ ದ್ರಾವಣ ಹೇಗೆ ಆರಿಸುತ್ತದೆ? ಅದು ಮೇಲ್ಮೈ ಎಳೆತದ ಆಟ. ನೀರಿನದು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಪೆಟ್ರೋಲಿನದು 20ರ ಆಸುಪಾಸು. ಫ್ಲೋರಿನ್ ಸಂಯುಕ್ತ ಒಂದಿಷ್ಟು ಬೆರೆತರೆ ನೀರಿನ ಎಳೆತ ಪೆಟ್ರೋಲಿಗಿಂತಲೂ ಕೆಳಕ್ಕೆ, 17ರ ಹತ್ತಿರಕ್ಕೆ ಇಳಿಯುತ್ತದೆ. ಆಗ ಭಾರವಾದ ನೀರು ಹಗುರವಾದ ಪೆಟ್ರೋಲಿನ ಮೇಲೆ ಹಾಲಿನ ಕೆನೆಯಂತೆ ತೆಳ್ಳಗೆ ಹರಡಿ ನಿಲ್ಲುತ್ತದೆ. ಕೆಳಗಿನ ಆವಿ ಮೇಲೆ ಬರದು, ಮೇಲಿನ ಗಾಳಿ ಕೆಳಗಿಳಿಯದು. ಇಷ್ಟನ್ನು ನಾನು ಮುತ್ತಿನಂಥ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯಬಲ್ಲೆ. ನನ್ನ ಮಗ ಎಂಟು ತಿಂಗಳಿಂದ ಬೆನ್ನ ಹಿಂದೆ ನಲ್ಲಿ ನೀರು ಕಟ್ಟಿಕೊಂಡು ಕಾಡಿನ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಿದ್ದ.

ಕಾರಿನಿಂದ ಇಳಿದ ಹುಡುಗರು ಮಾತಾಡಲಿಲ್ಲ. ಗೆಳೆಯ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತ. ಅವನ ಅಂಗಿಯ ಎದೆಯ ಭಾಗ ಒದ್ದೆಯಾಗಿತ್ತು.

ಹಿಂದೊಮ್ಮೆ ನನ್ನ ಭಯ ಕಳೆಯಲು ಮಗ ಒಂದು ವೀಡಿಯೊ ತೋರಿಸಿದ್ದ. 2020ರ ನವೆಂಬರಿನಲ್ಲಿ ಬಹರೇನಿನ ಫಾರ್ಮುಲಾ ಒನ್ ರೇಸಿನಲ್ಲಿ ರೊಮೇನ್ ಗ್ರೋಝಾನ್ ಎಂಬಾತನ ಕಾರು ತಡೆಗೋಡೆಗೆ ಹೊಕ್ಕು ಎರಡು ತುಂಡಾಯಿತು. ಸುಮಾರು 28 ಸೆಕೆಂಡು ಉರಿಯೊಳಗಿದ್ದು ಆತ ತಾನೇ ಹೊರಗೆ ಬಂದ, ಸುಟ್ಟದ್ದು ಮುಖ್ಯವಾಗಿ ಕೈಗಳು. "ನೋಡಮ್ಮ, ಈಗೆಲ್ಲ ಇಷ್ಟು ಸುರಕ್ಷಿತ" ಎಂದಿದ್ದ. ಅವನು ತೋರಿಸದ್ದನ್ನು ನಾನೇ ಆಮೇಲೆ ಹುಡುಕಿಕೊಂಡು ನೋಡಿದ್ದೆ. 1973ರ ಜುಲೈ 29, ಹಾಲೆಂಡಿನ ಝಾಂಡ್‌ವೋರ್ಟ್. ರೋಜರ್ ವಿಲಿಯಮ್ಸನ್ ಎಂಬ 25ರ ಹುಡುಗನ ಕಾರು ಮಗುಚಿ ಬಿದ್ದು ಹೊತ್ತಿಕೊಂಡಿತು. ಹುಡುಗನಿಗೆ ದೊಡ್ಡ ಪೆಟ್ಟೇನೂ ಆಗಿರಲಿಲ್ಲ, ಕೆಳಗೆ ಸಿಕ್ಕಿಕೊಂಡಿದ್ದ ಅಷ್ಟೆ. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತನ್ನ ಕಾರು ನಿಲ್ಲಿಸಿ, ರಸ್ತೆ ದಾಟಿ ಓಡಿ ಬಂದು, ಒಬ್ಬನೇ ಕಾರನ್ನು ಎತ್ತಲು ನೋಡಿದ. ಅಲ್ಲಿದ್ದ ಕಾವಲಿನವರಿಗೆ ಬೆಂಕಿ ತಡೆಯುವ ಬಟ್ಟೆ ಇರಲಿಲ್ಲ. ಅವರಿಂದ ಆರಿಸುವ ಸಿಲಿಂಡರು ಕಸಿದುಕೊಂಡು ಸಿಂಪಡಿಸಿದ. ಅದೊಂದು ಖಾಲಿಯಾಯಿತು. ಉಳಿದ ಕಾರುಗಳು ಪಕ್ಕದಲ್ಲೇ ಸುತ್ತುತ್ತಿದ್ದವು. ಉರಿಯುತ್ತಿರುವುದು ಪರ್ಲಿಯದೇ ಕಾರು, ಅವನು ಹೊರಬಂದಿದ್ದಾನೆ ಎಂದು ಅನೇಕರು ಭಾವಿಸಿದ್ದರು. ಪರ್ಲಿಗೆ ಆಮೇಲೆ ಬ್ರಿಟನ್ನಿನ ಜಾರ್ಜ್ ಪದಕ ಕೊಟ್ಟರು. ಕೈಯಲ್ಲಿ ಖಾಲಿ ಸಿಲಿಂಡರು ಹಿಡಿದು ಅವನು ತಿರುಗಿ ನಡೆಯುವ ದೃಶ್ಯ ಆ ಭಾನುವಾರ ಪೂರ್ತಿ ನನ್ನ ಕಣ್ಣಿಂದ ಹೋಗಲಿಲ್ಲ.

ಸಂಜೆ ಗೆಳೆಯನ ತಾಯಿಗೆ ಫೋನು ಮಾಡಿದೆ. ಮಾಡಬೇಡಿ ಆಂಟಿ ಎಂದು ಹುಡುಗ ಗೋಗರೆದಿದ್ದ. ಆಕೆ ಅರಸೀಕೆರೆಯ ಕಡೆಯವರು, ಮನೆಯಲ್ಲಿ ತೆಂಗಿನ ತೋಟ, ಒಮ್ಮೆ ಕಾಯಿ ಕಳಿಸಿದ್ದು ಬಿಟ್ಟರೆ ನಮಗೆ ಹೆಚ್ಚಿನ ಬಳಕೆ ಇಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಅದ್ರದ್ದೇ ಫೋಟೋ ಕಳಿಸಿದ್ನಲ್ಲಮ್ಮ. ಬೆಂಕಿ ಬಿದ್ರೆ ಆರಿಸೋದು ಐತೆ, ಡೇಟೂ ಐತೆ ನೋಡು ಅಂತ. ಅದ್ನ ತೋರಿಸಿಯೇ ಅವ್ರಪ್ಪನ್ನ ಒಪ್ಪಿಸಿದ್ದು ನಾನು" ಎಂದರು. ಆಮೇಲೆ ಕೇಳಿದರು: "ಆ ಚೀಟೀಲಿ ಸಹಿ ಹಾಕಿದ್ದು ಯಾರಮ್ಮ?"

ಚೀಟಿಯನ್ನು ತಿರುಗಿಸಿ ನೋಡಿದೆ. ಒಂದು ಗೀಟು, ಅದಕ್ಕೊಂದು ಬಾಲ. ಯಾರದು ಎಂದು ಓದಲಾಗುವಂಥದ್ದಲ್ಲ. ನನ್ನ ಸಹಿಯೂ ಬಹಳ ಮಟ್ಟಿಗೆ ಹಾಗೆಯೇ ಇದೆ.

ರ್‍ಯಾಲಿಗೆ ಕಾರು ಹೋಗಲಿಲ್ಲ. ಹೋಗಬಾರದು ಎಂದು ನಾವ್ಯಾರೂ ಹೇಳಬೇಕಾಗಲಿಲ್ಲ. ಕಟ್ಟಿದ ಶುಲ್ಕ ಹೋಯಿತು, ಟೈರಿನ ಸಾಲ ಉಳಿಯಿತು. ಖಾಲಿ ಬಾಟಲಿಯನ್ನು ತಯಾರಕರು ನೇಮಿಸಿದ ಏಜೆಂಟರಿಗೆ ಕಳಿಸಿದರು. ಬರಲು ಐದು ವಾರ ಎಂದರು. ಕೇಬಲ್ಲು, ನಳಿಕೆ, ಕೊಳವೆ ಬೇರೆ ಹೊಸದು. ಎಲ್ಲ ಸೇರಿ 14,000 ರೂಪಾಯಿ ದಾಟಿತು. ಅರ್ಧ ನಾವು, ಅರ್ಧ ಅರಸೀಕೆರೆಯವರು. ನಾನೂರು ರೂಪಾಯಿಗೆ ಆಗುತ್ತಿದ್ದ ಕೆಲಸ ಎಂದು ನಮ್ಮವರು ತಮಾಷೆ ಮಾಡಿದರು, ಯಾರೂ ನಗಲಿಲ್ಲ.

ಓಡಿಸಲು ಆಗದಿದ್ದರೇನು, ಹುಡುಗರು ಸ್ವಯಂಸೇವಕರಾಗಿ ಚಿಕ್ಕಮಗಳೂರಿಗೆ ಹೋದರು. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತುಗಳೂ ನಡೆದಿರುವ ಸೀಮೆ ಅದು, ಕಾಫಿ ತೋಟದ ರಸ್ತೆಗಳು ರ್‍ಯಾಲಿಯವರಿಗೆ ಪಂಚಪ್ರಾಣ. ನನ್ನ ಮಗನನ್ನು ಒಂದು ತಿರುವಿನಲ್ಲಿ ಬಾವುಟ, ಸೀಟಿ, ಪುಡಿಯ ಸಿಲಿಂಡರು ಕೊಟ್ಟು ನಿಲ್ಲಿಸಿದರಂತೆ. ಮೊದಲ ಕಾರು ಬರುವ ಮುಂಚೆ ಸಿಲಿಂಡರನ್ನು ಎತ್ತಿ, ತಲೆಕೆಳಗು ಮಾಡಿ, ಕಿವಿ ಹಚ್ಚಿದ್ದಾನೆ. ಪೀಣ್ಯದ ಅಜ್ಜ ಹೇಳಿಕೊಟ್ಟ ಉಪಾಯ. ಒಳಗಿನ ಪುಡಿ ಗಟ್ಟಿಯಾಗಿರದಿದ್ದರೆ ಮರಳು ಜಾರಿದ ಹಾಗೆ ಜಾರುವುದು ಕೈಗೆ ತಿಳಿಯುತ್ತದೆ. ಅದು ಜಾರಿತಂತೆ. ಅಷ್ಟು ಹೇಳಲು ಅಲ್ಲಿಂದ ಫೋನು ಮಾಡಿದ. ದಿನವಿಡೀ ಯಾವ ಕಾರಿಗೂ ಏನೂ ಆಗಲಿಲ್ಲ. ಸಂಜೆಗೆ ಮೈ ತುಂಬ ಕೆಂಪು ಮಣ್ಣು, ಜಿಗಣೆ ಕಡಿತ.

ಅದೇ ವಾರ ನಾನು ನನ್ನ ಹಳೇ ಕಾಲೇಜಿಗೆ ಹೋದೆ. ನನ್ನ ಜಾಗದಲ್ಲಿ ಈಗಿರುವ ಹುಡುಗಿ ನನ್ನದೇ ಶಿಷ್ಯೆ. ಕಾಫಿ ತರಿಸುತ್ತೇನೆ ಕೂತುಕೊಳ್ಳಿ ಮೇಡಂ ಎಂದಳು. ಕಾಫಿ ಆಮೇಲಾಗಲಿ, ಒಂದು ತಕ್ಕಡಿ ತರಿಸು ಎಂದೆ. ಇಬ್ಬರೂ ಸೇರಿ ನಾಲ್ಕು ಸಿಲಿಂಡರುಗಳನ್ನು ಗೋಡೆಯಿಂದ ಇಳಿಸಿದೆವು. ಒಂದರ ಕೊಕ್ಕೆ ಎಷ್ಟು ತುಕ್ಕು ಹಿಡಿದಿತ್ತೆಂದರೆ ಅಟೆಂಡರ್ ಸುತ್ತಿಗೆಯಲ್ಲಿ ಬಡಿಯಬೇಕಾಯಿತು. ಬೆಂಕಿ ಬಿದ್ದಿದ್ದರೆ ಅದು ಗೋಡೆ ಬಿಟ್ಟು ಬರುತ್ತಲೇ ಇರಲಿಲ್ಲ. ಎರಡು ಸರಿಯಾಗಿದ್ದವು. ಕೊಕ್ಕೆ ಹಿಡಿದಿದ್ದದರಲ್ಲಿ ಒತ್ತಡವೇ ಇಲ್ಲ. ನಾಲ್ಕನೆಯದನ್ನು ತಲೆಕೆಳಗು ಮಾಡಿ ಕಿವಿಗೊಟ್ಟರೆ ಸದ್ದಿಲ್ಲ, ಪುಡಿ ಕಲ್ಲಾಗಿತ್ತು.

ಅವಳು ಆ ನೀಲಿ ರಿಜಿಸ್ಟರು ತಂದಳು. ರಟ್ಟು ಅದೇ. ಹಾಳೆ ತಿರುವಿದಂತೆ ಅವಳ ಎರಡು ಸಹಿ, ಅದರ ಹಿಂದೆ ನನ್ನ ಹತ್ತೊಂಬತ್ತು. ಅವಳು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ನನ್ನಿಂದ ಕಲಿತದ್ದನ್ನೇ ಮಾಡಿದ್ದೀಯಮ್ಮ ಎಂದೆ. ಆ ವರ್ಷದ ಸಾಲಿನಲ್ಲಿ 'ಎರಡು ಸುಸ್ಥಿತಿ, ಎರಡು ನಿರುಪಯುಕ್ತ' ಎಂದು ಬರೆದು, ತೂಕವನ್ನೂ ಪಕ್ಕದಲ್ಲಿ ನಮೂದಿಸಿ, ಪೂರ್ತಿ ಹೆಸರು ಬರೆದಳು. ಪ್ರಾಂಶುಪಾಲರಿಗೆ ಹೊಸದಕ್ಕೆ ಪತ್ರ ಹೋಯಿತು. ಐಎಸ್ 2190 ಎಂದು ಇಂಥ ಸಿಲಿಂಡರುಗಳ ನಿರ್ವಹಣೆಗೇ ಒಂದು ಭಾರತೀಯ ಮಾನಕ ಇದೆ. ಅದರ ಪ್ರತಿಯನ್ನು ತರಿಸಿ ಇಟ್ಟುಕೊಳ್ಳುತ್ತೇನೆ ಎಂದಳು.

ಬಾಟಲಿ ಆರನೆಯ ವಾರ ಬಂತು. ಈ ಸಲ ಟವೆಲಿನಲ್ಲಿ ಅಲ್ಲ, ಥರ್ಮಾಕೋಲಿನ ಪೆಟ್ಟಿಗೆಯಲ್ಲಿ, ಸೀಸದ ಸೀಲಿನೊಂದಿಗೆ, ಓದಲು ಬರುವ ಹೆಸರಿನ ಸಹಿಯೊಂದಿಗೆ. ಮಗ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮುಂಚೆ ಅಡುಗೆಮನೆಯ ತಕ್ಕಡಿಯನ್ನು ಎಳೆದು, ಒರೆಸಿ, ಮೇಲೆ ಇಟ್ಟ. ನಾವು ಮೂವರೂ ಬಗ್ಗಿದೆವು. 6 ಕಿಲೋ 380.

"ಇಪ್ಪತ್ತು ಗ್ರಾಂ ಕಮ್ಮಿ" ಎಂದ ಮಗ, ಮುಖ ಗಂಟಿಕ್ಕಿ.

ನಮ್ಮವರು ಅಕ್ಕಿ ಡಬ್ಬದ ಪಕ್ಕದಲ್ಲಿದ್ದ ಒಂದು ಕಿಲೋ ಸಕ್ಕರೆಯ ಸೀಲ್ ಒಡೆಯದ ಪೊಟ್ಟಣ ಎತ್ತಿ, ಬಾಟಲಿಯನ್ನು ಸರಿಸಿ, ತಕ್ಕಡಿಯ ಮೇಲಿಟ್ಟರು. 980 ತೋರಿಸಿತು. ಇನ್ನೊಂದು ಪೊಟ್ಟಣ ಇಟ್ಟರು. ಅದೂ 980.

"ಪಾಪ, ಆರು ತಿಂಗಳಿಂದ ಆ ದಿನಸಿ ಅಂಗಡಿಯವನನ್ನ ಸುಮ್ಮನೆ ಬೈತಿದ್ದೀಯಲ್ಲೇ" ಎಂದರು ನನ್ನ ಕಡೆ ತಿರುಗಿ.